ಎಣ್ಣೆಮರದ ನೊಣ

ಮುಂಗಾರಿನ ಮೊದಲ ಮಳೆ ಬಿದ್ದ ಮೇಲೆ ಬುಟ್ಟಿಯ ತಳದಲ್ಲಿ ಉಳಿದಿದ್ದ ಮಾವಿನ ಹಣ್ಣೊಂದನ್ನು ಆಸೆಯಿಂದ ಕೊಯ್ದು, ಅದರ ಹೊಂಬಣ್ಣದ ತಿರುಳಿನ ನಡುವೆ ಮಿಡುಕುತ್ತಿರುವ ಬಿಳಿಯ ಹುಳುಗಳನ್ನು ಕಂಡು ಕೈ ಹಿಂತೆಗೆಯದ ಕನ್ನಡಿಗನು ಪ್ರಾಯಶಃ ಇರಲಾರನು. ಹೊರಗಿನಿಂದ ನೋಡಿದರೆ ಹಣ್ಣು ನಿಷ್ಕಳಂಕ. ಸೂಜಿಯ ಮೊನೆ ತಾಕಿದಂಥ ಒಂದು ಚುಕ್ಕೆಯ ಹೊರತು ಸಿಪ್ಪೆಯ ಮೇಲೆ ಬೇರೆ ಗುರುತಿಲ್ಲ. ಆ ಚುಕ್ಕೆಯನ್ನು ಇಟ್ಟುಹೋದ ನಮ್ಮ ಹಣ್ಣುನೊಣಕ್ಕೆ ದೂರದ ಭೂಮಧ್ಯ ಸಮುದ್ರದ ದಡಗಳಲ್ಲಿ ಒಬ್ಬ ದಾಯಾದಿ ಇದೆ. ಇವೆರಡೂ ಬ್ಯಾಕ್ಟ್ರೊಸೆರ ಎಂಬ ಒಂದೇ ಕುಲಕ್ಕೆ ಸೇರಿದವು. ಆದರೆ ನಮ್ಮದು ಮಾವು, ಸೀಬೆ, ಸಪೋಟ ಎಂದು ಭೇದವೆಣಿಸದೆ ಬಾಯಿ ಹಾಕುವಂಥದು, ಅಲ್ಲಿಯದಾದರೋ ಆಲಿವ್ ಮತ್ತು ಅದರ ಕಾಡು ಜಾತಿಗಳನ್ನಲ್ಲದೆ ಲೋಕದ ಬೇರಾವ ಫಲವನ್ನೂ ಮುಟ್ಟದ ಏಕವ್ರತವುಳ್ಳದ್ದು. ಕನ್ನಡದ ಬೈಬಲನ್ನು ಓದಿದವರಿಗೆ ಎಣ್ಣೆಮರಗಳ ಗುಡ್ಡವೆಂಬ ಹೆಸರಿನಿಂದ ಪರಿಚಿತವಾದ ಆ ಮರವನ್ನು ಮನುಷ್ಯನು ನೆಟ್ಟು ಬೆಳೆಸಲು ತೊಡಗುವುದಕ್ಕೆ ಮುಂಚಿನಿಂದಲೂ ಈ ನೊಣವು ಅದರ ಕಾಯಿಯಲ್ಲೇ ತನ್ನ ಸಂಸಾರವನ್ನು ಹೂಡಿಕೊಂಡು ಬಂದಿದೆ.

ಗ್ರೀಕರು ಇದನ್ನು ದಾಕೋಸ್ ಎಂದು ಕರೆಯುತ್ತಾರೆ. ಕಚ್ಚುವುದೆಂಬ ಅರ್ಥದ ಆ ಮಾತೂ ನಮ್ಮ ದಂಶವೆಂಬ ಶಬ್ದವೂ ಒಂದೇ ಧಾತುವಿನಿಂದ ಕವಲೊಡೆದವು. ನೊಣದ ಉದ್ದ ಹೆಚ್ಚೆಂದರೆ 5 ಮಿಲಿಮೀಟರು. ಅದರ ಪಾರದರ್ಶಕವಾದ ರೆಕ್ಕೆಯ ತುದಿಯಲ್ಲಿ ಒಂದು ಕಪ್ಪು ಬೊಟ್ಟು. ಜೂನ್ ತಿಂಗಳು ಕಳೆದು, ಕಾಯಿಯೊಳಗಿನ ಓಟೆ ಗಟ್ಟಿಯಾಗತೊಡಗಿದೊಡನೆ, ಹೆಣ್ಣು ನೊಣವು ಕಾಯಿಂದ ಕಾಯಿಗೆ ಹಾರಿ, ತಕ್ಕುದೆಂದು ತೋರಿದ ಒಂದರ ಸಿಪ್ಪೆಯಡಿಯಲ್ಲಿ ಒಂದೇ ಒಂದು ಮೊಟ್ಟೆಯನ್ನು ಇರಿಸುತ್ತದೆ. ಇರಿಸಿದ ಮೇಲೆ, ಗಾಯದಿಂದ ಒಸರಿದ ರಸವನ್ನು ಹೀರಿ ಆ ಕಾಯಿಯ ಮೈಗೆ ಹಚ್ಚಿ, ಇದು ಈಗಾಗಲೇ ಒಬ್ಬರ ಸ್ವತ್ತೆಂಬುದನ್ನು ಹಿಂದೆ ಬರುವ ಹೆಣ್ಣುಗಳಿಗೆ ಸಾರಿ ಹೋಗುತ್ತದೆ. ಹೀಗೆ ಒಂದು ಹೆಣ್ಣು ತನ್ನ ಆಯುಷ್ಯದಲ್ಲಿ 50ರಿಂದ 400ರವರೆಗೆ ಮೊಟ್ಟೆಗಳನ್ನಿಡಬಲ್ಲುದು. ಒಂದು ಕಾಯಿಗೆ ಒಂದೇ ಮೊಟ್ಟೆಯೆಂಬ ಈ ಮಿತವ್ಯಯವೇ ರೈತನ ಪಾಲಿಗೆ ದುರ್ಭಿಕ್ಷವಾಗಿ ಪರಿಣಮಿಸುವುದು. ಏಕೆಂದರೆ ಅದರ ಸಂತತಿಯು ಕೆಲವೇ ಕಾಯಿಗಳಲ್ಲಿ ಕಿಕ್ಕಿರಿಯದೆ ತೋಟದ ಉದ್ದಗಲಕ್ಕೂ ಹರಡಿಕೊಳ್ಳುತ್ತದೆ. ಹುಳು ತಿರುಳನ್ನು ಕೊರೆದು ಸುರಂಗ ಮಾಡಿದ ಮೇಲೆ ಅಲ್ಲಿ ಶಿಲೀಂಧ್ರಗಳು ನೆಲೆಸುತ್ತವೆ, ಕಾಯಿ ಕಾಲಕ್ಕೆ ಮುನ್ನ ಉದುರುತ್ತದೆ, ಉದುರದೆ ಗಾಣಕ್ಕೆ ಹೋದದ್ದು ಎಣ್ಣೆಗೆ ಆಮ್ಲವನ್ನು ತುಂಬುತ್ತದೆ. ಅತ್ಯುತ್ತಮ ದರ್ಜೆಯದೆನಿಸಿಕೊಳ್ಳುವ ಎಣ್ಣೆಯಲ್ಲಿ ಮುಕ್ತ ಆಮ್ಲವು 0.8 ಪ್ರತಿಶತವನ್ನು ಮೀರಕೂಡದೆಂದು ನಿಯಮವಿರುವಲ್ಲಿ, ಹುಳುಕಾಯಿ ಹೆಚ್ಚಾದಷ್ಟೂ ಆ ದರ್ಜೆ ದೂರ ಸರಿಯುತ್ತದೆ.

ಹಸುರು ಆಲಿವ್ ಕಾಯನ್ನು ಕಚ್ಚಿ ನೋಡಿದವರಿಗೆ ಒಂದು ಸಂಶಯ ಬಾರದೆ ಇರದು: ನಮ್ಮ ಬೇವಿನ ಕಹಿಗೂ ಸೋಲದ ಆ ಕಹಿಯನ್ನು, ಒಲ್ಯೂರೋಪೀನ್ ಎಂಬ ಆ ರಕ್ಷಕ ದ್ರವ್ಯವನ್ನು, ಒಂದು ಎಳೆಯ ಹುಳು ಜೀರ್ಣಿಸಿಕೊಳ್ಳುವ ಬಗೆ ಹೇಗೆ? ಇದರ ರಹಸ್ಯದ ಜಾಡನ್ನು 1909ರಲ್ಲಿ ಇಟಲಿಯ ಪೇತ್ರಿ ಎಂಬ ವಿಜ್ಞಾನಿಯು ಹಿಡಿದನು. ನೊಣದ ಅನ್ನನಾಳಕ್ಕೆ ತಗುಲಿಕೊಂಡಿರುವ ಒಂದು ಪುಟ್ಟ ಚೀಲದಲ್ಲಿ ಬ್ಯಾಕ್ಟೀರಿಯಗಳು ವಾಸಿಸುತ್ತವೆ. ತಾಯಿಯು ಮೊಟ್ಟೆಯಿಡುವಾಗ ಅವನ್ನೂ ಜೊತೆಯಲ್ಲೇ ಬಳುವಳಿಯಾಗಿ ಕೊಡುತ್ತದೆ. ಆ ಸಹವಾಸಿಗಳ ನೆರವಿಲ್ಲದ ಹುಳುವು ಬಲಿಯದ ಹಸುರು ಕಾಯಿಯಲ್ಲಿ ಬದುಕಲಾರದು. ತಾಮ್ರದ ಲವಣವನ್ನು ಮರಕ್ಕೆ ಸಿಂಪಡಿಸಿದರೆ ನೊಣದ ಉಪದ್ರವ ಇಳಿಯುವುದೆಂದು ರೈತರು ಕಂಡುಕೊಂಡದ್ದಕ್ಕೆ ಕಾರಣವೂ ಬಹುಮಟ್ಟಿಗೆ ಇದೇ: ತಾಮ್ರವು ಆ ಬ್ಯಾಕ್ಟೀರಿಯಗಳಿಗೆ ಶತ್ರು. ಆದರೆ ತಾಮ್ರ ಮಣ್ಣಿನಲ್ಲಿ ಕರಗಿ ಹೋಗುವ ವಸ್ತುವಲ್ಲ. ವರ್ಷದಿಂದ ವರ್ಷಕ್ಕೆ ಸಂಚಯಗೊಂಡು ಎರೆಹುಳುವಿಗೂ ಕೇಡನ್ನು ತರುತ್ತದೆ. ಆದಕಾರಣ ಯುರೋಪಿನ ಒಕ್ಕೂಟವು 7 ವರ್ಷಗಳಲ್ಲಿ ಒಂದು ಹೆಕ್ಟೇರಿಗೆ ಒಟ್ಟು 28 ಕಿಲೋಗ್ರಾಮಿನ ಎಲ್ಲೆಯನ್ನು ಹಾಕಿದೆ. ಮಣ್ಣನ್ನು ಕೆಡಿಸುವ ಮದ್ದನ್ನು, ಅದು ಎಷ್ಟೇ ಹಳೆಯದಾಗಿದ್ದರೂ, ನಿರುಪದ್ರವಿಯೆಂದು ಕರೆಯಲು ನನಗೆ ಮನಸ್ಸೊಪ್ಪದು.

ಹಿಂದಿನವರು ಇದನ್ನು ಗಮನಿಸಿರಲಿಲ್ಲವೆಂದು ಭಾವಿಸಬಾರದು. ಅರಿಸ್ಟಾಟಲನ ಶಿಷ್ಯನಾದ ಥಿಯೋಫ್ರಾಸ್ಟಸನು ಸಸ್ಯಗಳನ್ನು ಕುರಿತ ತನ್ನ ಗ್ರಂಥದಲ್ಲಿ, ಕಾಯಿಯ ಸಿಪ್ಪೆಯಡಿ ಹುಟ್ಟುವ ಹುಳು ಬೇರೆ, ಓಟೆಯನ್ನು ತಿನ್ನುವ ಹುಳು ಬೇರೆ ಎಂದು ವಿಂಗಡಿಸಿ, ಮೊದಲನೆಯದು ಫಲನಾಶಕವೆಂದೂ ಎರಡನೆಯದರಿಂದ ಲಾಭವೇ ಉಂಟೆಂದೂ ಬರೆದಿಟ್ಟಿದ್ದಾನೆ. ಇಪ್ಪತ್ತಮೂರು ಶತಮಾನಗಳ ಬಳಿಕ ಓದುವಾಗ ಮೊದಲನೆಯದು ನಮ್ಮ ನೊಣವೆಂಬುದೂ, ಎರಡನೆಯದು ಮುಂದೆ ಹೇಳಲಿರುವ ಪತಂಗವೆಂಬುದೂ ಸ್ಪಷ್ಟವಾಗಿಯೇ ತೋರುತ್ತದೆ. ರೋಮಿನ ಕೇಟೋ ಎಂಬ ಹಿರಿಯನಾದರೋ, ಎಣ್ಣೆಯನ್ನು ತೆಗೆದಾದ ಮೇಲೆ ಉಳಿಯುವ ಕಪ್ಪು ಕಹಿ ನೀರನ್ನೇ ಮದ್ದಾಗಿಸಿ, ಕಣದ ನೆಲಕ್ಕೆ ಬಳಿದರೆ ಇರುವೆ ಬಾರದು, ಕಣಜಕ್ಕೆ ಬಳಿದರೆ ಕಾಳಿಗೆ ಹುಳು ಹಿಡಿಯದು, ಬಟ್ಟೆಯ ಪೆಟ್ಟಿಗೆಗೆ ಬಳಿದರೆ ನುಸಿ ತಿನ್ನದು ಎಂದು ಉಪದೇಶಿಸಿದ್ದಾನೆ. ಮರವು ಕೊಟ್ಟದ್ದರಲ್ಲಿ ಯಾವುದನ್ನೂ ಚೆಲ್ಲದ ಆ ಗೃಹಸ್ಥಬುದ್ಧಿಯನ್ನು ಕಂಡಾಗ, ಹೊಂಗೆಯ ಮತ್ತು ಬೇವಿನ ಹಿಂಡಿಯನ್ನು ಗದ್ದೆಗೆ ಹಾಕುತ್ತಿದ್ದ ನಮ್ಮ ಹಿರಿಯರ ನೆನಪಾಗುತ್ತದೆ.

ಎರಡನೆಯ ಮಹಾಯುದ್ಧದ ಅನಂತರ ಈ ಪರಂಪರೆಯೆಲ್ಲ ಒಮ್ಮೆಗೇ ಹಿಂದೆ ಬಿತ್ತು. ರಂಜಕದ ಸಂಯುಕ್ತಗಳಾದ ಹೊಸ ವಿಷಗಳು ಬಂದವು. ಅವುಗಳಲ್ಲಿ ಡೈಮಿಥೊಯೇಟ್ ಎಂಬುದು ಕಾಯಿಯ ಒಳಕ್ಕೂ ಇಳಿದು ಅಲ್ಲಿ ಅಡಗಿದ ಹುಳುವನ್ನು ಕೊಲ್ಲಬಲ್ಲುದಾಗಿದ್ದರಿಂದ, ಅದು ದಶಕಗಳ ಕಾಲ ಆಲಿವ್ ತೋಟಗಳ ಅಧಿದೇವತೆಯಾಗಿ ಮೆರೆಯಿತು. ಮೊದಲ ಕೆಲವು ವರ್ಷ ಎಲ್ಲವೂ ಚೆನ್ನಾಗಿಯೇ ಕಂಡಿತು. ಬರಬರುತ್ತ, ನೊಣಕ್ಕೆಂದು ಇಡೀ ತೋಟಕ್ಕೆ ಎರಚಿದ ವಿಷವು ಕೊಂಬೆಗೆ ಅಂಟಿ ರಸ ಹೀರುವ ಶಲ್ಕಕೀಟಗಳನ್ನು ಹದ್ದಿನಲ್ಲಿಟ್ಟಿದ್ದ ಸೂಕ್ಷ್ಮ ಕಣಜಗಳನ್ನೂ ಗುಲಗಂಜಿ ಹುಳುಗಳನ್ನೂ ನಿರ್ನಾಮ ಮಾಡಿ, ಹಿಂದೆ ಯಾರೂ ಲೆಕ್ಕಕ್ಕಿಡದಿದ್ದ ಕ್ಷುದ್ರ ಕೀಟಗಳು ಮಹಾಮಾರಿಗಳಾಗಿ ಏಳುವಂತೆ ಮಾಡಿತು. ಅತ್ತ ಗ್ರೀಸ್ ಮತ್ತು ಸೈಪ್ರಸ್‌ನ ನೊಣಗಳು ಆ ವಿಷವನ್ನು ತಾಳಿಕೊಳ್ಳುವ ಶಕ್ತಿಯನ್ನು ಪಡೆದುಕೊಂಡವು. ಕಡೆಗೆ 2019ರಲ್ಲಿ ಯುರೋಪಿನ ಒಕ್ಕೂಟವು ಡೈಮಿಥೊಯೇಟಿನ ಪರವಾನಗಿಯನ್ನು ನವೀಕರಿಸಲು ನಿರಾಕರಿಸಿತು. ಆಗ ಬಹುಮಂದಿ ಬೆಳೆಗಾರರು ಕೈ ಕಟ್ಟಿಹಾಕಿದಂತಾಯಿತೆಂದು ಹಲುಬಿದರು. ಅವರ ಸಂಕಟವನ್ನು ಹಗುರವಾಗಿ ಕಾಣತಕ್ಕದ್ದಲ್ಲ. ಆದರೆ ಅವರಲ್ಲಿ ಕೆಲವರು ಅದಕ್ಕೆ ಎಷ್ಟೋ ಮೊದಲೇ ಬೇರೆಯ ದಾರಿಯನ್ನು ತುಳಿದಿದ್ದರು.

ಸ್ಪೇನಿನ ಕೋರ್ದೊಬ ಪ್ರಾಂತದ ಉತ್ತರ ಭಾಗದಲ್ಲಿ ಲೋಸ್ ಪೆದ್ರೋಚೆಸ್ ಎಂಬ ಗುಡ್ಡಗಾಡಿನ ಸೀಮೆಯಿದೆ. ಹಾಯೆನ್ ಪ್ರಾಂತದ ಬಯಲಿನಲ್ಲಿ ದಿಗಂತದವರೆಗೆ ಸಾಲುಹಿಡಿದು ನಿಂತ ತೋಟಗಳಂತೆ ಇಲ್ಲಿಯವು ಸಮೃದ್ಧವಲ್ಲ. ಕಡಿದಾದ ಇಳಿಜಾರು, ತೆಳುವಾದ ಮಣ್ಣು, ಯಂತ್ರ ಹತ್ತಲಾರದ ಓರೆ, ಮಳೆಯನ್ನೇ ನಂಬಿದ ಮರಗಳು. ದುಬಾರಿಯಾದ ಮದ್ದಿಗೆ ಹಣ ಸುರಿಯುವಷ್ಟು ಫಸಲು ಅಲ್ಲಿ ಬಾರದು. ಇಂಥಲ್ಲಿ ಪೊಸೊಬ್ಲಾಂಕೊ ಊರಿನ ಓಲಿಪೆ ಎಂಬ ಸಹಕಾರ ಸಂಘದವರು ರೂಪಿಸಿಕೊಂಡ ಉಪಕರಣವು, ನೋಡುವುದಕ್ಕೆ ಏನೂ ಅಲ್ಲವೆಂಬಷ್ಟು ಸರಳವಾದುದಾದರೂ, ಈಗ ಆ ಸಂಘದ ಹೆಸರಿನಿಂದಲೇ ಭೂಮಧ್ಯ ಸಮುದ್ರದ ಹಲವು ದೇಶಗಳಲ್ಲಿ ಪ್ರಸಿದ್ಧವಾಗಿದೆ. ನೀರು ಕುಡಿದು ಎಸೆದ ಪ್ಲಾಸ್ಟಿಕ್ ಬಾಟಲಿಯೊಂದನ್ನು ತೆಗೆದುಕೊಂಡು, ಅದರ ಹೆಗಲಿನ ಸುತ್ತ 5 ಮಿಲಿಮೀಟರು ಅಗಲದ ನಾಲ್ಕೈದು ತೂತುಗಳನ್ನು ಕೊರೆದು, ಒಳಗೆ ಮುಕ್ಕಾಲು ಭಾಗದಷ್ಟು ನೀರನ್ನು ತುಂಬಿ, ಅದರಲ್ಲಿ ರಸಗೊಬ್ಬರದ ಅಂಗಡಿಗಳಲ್ಲಿ ಸಿಗುವ ಡೈಅಮೋನಿಯಂ ಫಾಸ್ಫೇಟನ್ನು ನೂರಕ್ಕೆ ನಾಲ್ಕೈದರ ಪ್ರಮಾಣದಲ್ಲಿ ಕರಗಿಸಿ, ಮರದ ನೆರಳಿನ ಕೊಂಬೆಗೆ ತೂಗುಹಾಕುವುದು, ಇಷ್ಟೇ. ನಮ್ಮ ಹಳ್ಳಿಗಳಲ್ಲಿ ಡಿಎಪಿ ಎಂದು ಮನೆಮಾತಾಗಿರುವ ಗೊಬ್ಬರವೇ ಇದು.

ಇದರ ಹಿಂದಿನ ವಿವೇಕವನ್ನು ಸ್ವಲ್ಪ ನಿಂತು ನೋಡಬೇಕು. ಹೆಣ್ಣು ನೊಣಕ್ಕೆ ಮೊಟ್ಟೆಗಳು ಬಲಿಯಬೇಕಾದರೆ ಪ್ರೋಟೀನು ಬೇಕು. ಆಲಿವ್ ತೋಟದಲ್ಲಿ ಅದು ಸುಲಭವಾಗಿ ಸಿಕ್ಕುವುದಿಲ್ಲ. ಹಕ್ಕಿಯ ಹಿಕ್ಕೆ, ಎಲೆಯ ಮೇಲಿನ ಸೂಕ್ಷ್ಮಜೀವಿಗಳು, ಶಲ್ಕಕೀಟಗಳು ಒಸರಿಸಿದ ಸಿಹಿ ಅಂಟು, ಇವುಗಳನ್ನು ಅರಸುತ್ತ ಅದು ಅಲೆಯುತ್ತದೆ. ಕೊಳೆಯುವ ಪ್ರೋಟೀನಿನಿಂದ ಹೊರಡುವ ಅಮೋನಿಯದ ವಾಸನೆಯು ಅದಕ್ಕೆ ಊಟದ ಕರೆ. ಬಾಟಲಿಯ ನೀರು ಆ ಕರೆಯನ್ನೇ ಅನುಕರಿಸುತ್ತದೆ. ಬೇಸಗೆಯ ಒಣಹವೆಯಲ್ಲಿ ಬಾಯಾರಿಕೆಯೂ ಸೇರಿ, ನೊಣವು ತೂತಿನೊಳಕ್ಕೆ ಇಳಿದು, ಹೊರದಾರಿ ಕಾಣದೆ ನೀರಿನಲ್ಲಿ ಮುಳುಗುತ್ತದೆ. ಇಲ್ಲಿ ಮರಕ್ಕೂ ಕಾಯಿಗೂ ಯಾವ ಮದ್ದೂ ತಾಕುವುದಿಲ್ಲ. ತೂತಿನ ಅಳತೆ ಚಿಕ್ಕದಾದಷ್ಟೂ ಜೇನ್ನೊಣದಂಥ ದೊಡ್ಡ ಕೀಟಗಳು ಒಳಗೆ ಸಿಲುಕುವ ಭಯ ಕಡಿಮೆ. ಕರ್ನಾಟಕದ ಮಾವಿನ ತೋಟಗಳಲ್ಲಿ ತೂಗುವ ಬಾಟಲಿಗಳನ್ನು ಕಂಡವರು ಇದೂ ಅದೇ ಅಲ್ಲವೇ ಎಂದಾರು; ಒಂದು ಭೇದವಿದೆ. ನಮ್ಮಲ್ಲಿ ಬಳಸುವ ಮೀಥೈಲ್ ಯೂಜಿನಾಲ್ ತುಳಸಿಯಲ್ಲಿಯೂ ಇರುವ ಪರಿಮಳ; ಅದಕ್ಕೆ ಮರುಳಾಗಿ ಬರುವುದು ಮಾವಿನ ನೊಣದ ಗಂಡು. ಆಲಿವ್ ನೊಣದ ಗಂಡಿಗೆ ಆ ಪರಿಮಳದ ಪರಿವೆಯೇ ಇಲ್ಲ. ಅದರ ಸಂಸಾರದಲ್ಲಿ ಪರಿಮಳವನ್ನು ಬೀರಿ ಗಂಡನ್ನು ಕರೆಯುವುದು ಹೆಣ್ಣು. 1980ರಲ್ಲಿ ರಸಾಯನಜ್ಞರು ಆ ಪರಿಮಳವನ್ನು ಗುರುತಿಸಿದ ಮೇಲೆ, ಕೆಲವರು ಅದನ್ನೂ ಬಲೆಯಲ್ಲಿ ಬಳಸುತ್ತಾರೆ.

ಬಾಟಲಿಯು ಅದ್ಭುತ ಪವಾಡವೆಂದು ನಾನು ಹೇಳುತ್ತಿಲ್ಲ. ತೋಟವೊಂದರಲ್ಲಿ ಬಾಟಲಿಗಳನ್ನು ತೂಗಿ ಪಕ್ಕದ ತೋಟವು ಬೀಳುಬಿದ್ದಿದ್ದರೆ, ಕಿಲೋಮೀಟರುಗಟ್ಟಲೆ ಹಾರಬಲ್ಲ ನೊಣವು ಬೇಲಿಯನ್ನು ದಾಟಿ ಬಂದೇ ಬರುತ್ತದೆ. ಮರಕ್ಕೊಂದರಂತೆ ತೂಗಬೇಕು, ಕಾಯಿ ಚುಚ್ಚಿಸಿಕೊಳ್ಳುವುದಕ್ಕೆ ಮುಂಚೆಯೇ ತೂಗಬೇಕು, ಬಿಸಿಲಿಗೆ ಆರಿದ ನೀರನ್ನು ಮತ್ತೆ ಮತ್ತೆ ತುಂಬಬೇಕು. ಆದ್ದರಿಂದಲೇ ಇದು ಒಬ್ಬಂಟಿಗನ ಆಯುಧವಾಗದೆ ಸಹಕಾರ ಸಂಘದ ಆಯುಧವಾಯಿತು. ಇಡೀ ಗುಡ್ಡದ ಬೆಳೆಗಾರರು ಒಂದೇ ವಾರದಲ್ಲಿ ಕೈಜೋಡಿಸಿದಲ್ಲಿ ಮಾತ್ರ ಅದು ಫಲಕಾರಿ. ಗ್ರೀಸಿನಲ್ಲಿ ಇದೇ ತತ್ತ್ವದ ಮೇಲೆ ಸರ್ಕಾರವೇ ಊರೂರಿಗೆ ದಾಕೊಕ್ತೋನಿಯವೆಂಬ ನೊಣಸಂಹಾರದ ಅಭಿಯಾನವನ್ನು ನಡೆಸುತ್ತ ಬಂದಿದೆ. ಅಲ್ಲಿ ಇಡೀ ಮರವನ್ನು ತೋಯಿಸದೆ, ಪ್ರೋಟೀನಿನ ಆಮಿಷಕ್ಕೆ ಅಲ್ಪ ಮದ್ದನ್ನು ಬೆರೆಸಿ ಕೊಂಬೆಯ ಒಂದು ಭಾಗಕ್ಕೆ ಮಾತ್ರ ಎರಚುತ್ತಾರೆ. ಸಾವಯವ ಬೆಳೆಗಾರರು ಇಂಥ ಆಮಿಷದಲ್ಲಿ ಬಳಸುವ ಸ್ಪೈನೋಸ್ಯಾಡ್ ಎಂಬ ದ್ರವ್ಯದ ಮೂಲವು, 1982ರಲ್ಲಿ ಕೆರಿಬಿಯನ್ ದ್ವೀಪವೊಂದರಲ್ಲಿ ಪಾಳುಬಿದ್ದ ರಮ್ ಭಟ್ಟಿಯ ಮಣ್ಣಿನಿಂದ ದೊರೆತ ಒಂದು ಸೂಕ್ಷ್ಮಜೀವಿ. ಅದೂ ಹಸಿಯಾಗಿದ್ದಾಗ ಜೇನಿಗೆ ವಿಷವೇ. ನೈಸರ್ಗಿಕವೆಂಬ ಹಣೆಪಟ್ಟಿಯಿಂದ ಯಾವ ವಸ್ತುವೂ ಸೌಮ್ಯವಾಗಿಬಿಡದು.

ಇನ್ನೊಂದು ಉಪಾಯವು ಕಣ್ಣಿಗೆ ಸಂಬಂಧಪಟ್ಟದ್ದು. ಕೇಯೋಲಿನ್ ಎಂಬ ನುಣುಪಾದ ಬಿಳಿಯ ಜೇಡಿಯನ್ನು ನೀರಿನಲ್ಲಿ ಕದಡಿ ಬೇಸಗೆಯ ನಡುವಿನಲ್ಲಿ ಮರಕ್ಕೆ ಸಿಂಪಡಿಸಿದರೆ, ಸುಣ್ಣ ಬಳಿದ ಗೋಡೆಗಳಂತೆ ಇಡೀ ತೋಟವೇ ಬೆಳ್ಳಗಾಗಿ ನಿಲ್ಲುತ್ತದೆ. ಕಾಯಿಯ ಬಣ್ಣವನ್ನೂ ಮೈಯ ನುಣುಪನ್ನೂ ನೋಡಿ ಸ್ಥಳವನ್ನು ಆರಿಸುವ ಹೆಣ್ಣು ನೊಣವು ಈ ಬೂದಿಬಡುಕ ಕಾಯಿಗಳನ್ನು ಕಾಯಿಗಳೆಂದೇ ಗುರುತಿಸದೆ, ಗುರುತಿಸಿದರೂ ಕಾಲಿಗೆ ಅಂಟುವ ಹುಡಿಯನ್ನು ಸಹಿಸದೆ, ಮುಂದಕ್ಕೆ ಹೋಗುತ್ತದೆ. ಬಿಸಿಲಿನ ಝಳದಿಂದ ಎಲೆಗೂ ಸ್ವಲ್ಪ ತಂಪು ಸಿಗುತ್ತದೆ. ಮಳೆ ಬಂದರೆ ತೊಳೆದುಹೋಗುತ್ತದೆಂಬುದು ಇದರ ಒಂದು ಕೊರತೆ. ಉಪಕಾರಿ ಕಣಜಗಳಿಗೂ ಆ ಹುಡಿಯು ಅಡ್ಡಿಯಾಗಿ ಶಲ್ಕಕೀಟಗಳು ಹೆಚ್ಚುವುದುಂಟೆಂಬುದು ಇನ್ನೊಂದು.

ಎಲ್ಲಕ್ಕಿಂತ ದೊಡ್ಡ ಉಪಾಯವು ಕಾಲಜ್ಞಾನ. 35 ಡಿಗ್ರಿ ಸೆಲ್ಸಿಯಸ್ ಮೀರಿದ ಬಿಸಿಲಿನ ದಿನಗಳಲ್ಲಿ ಮೊಟ್ಟೆಗಳೂ ಎಳೆಯ ಹುಳುಗಳೂ ಕಾಯಿಯೊಳಗೇ ಸಾಯುತ್ತವೆ. ಕಡುಬೇಸಗೆಯ ವರ್ಷಗಳಲ್ಲಿ ಸೂರ್ಯನೇ ತೋಟವನ್ನು ಕಾಯುತ್ತಾನೆ. ಅದಕ್ಕೆ ಪ್ರತಿಯಾಗಿ 2014ರಲ್ಲಿ, ಚಳಿಯಿಲ್ಲದ ಚಳಿಗಾಲವೊಂದರ ಬೆನ್ನಿಗೆ ತಂಪಾದ ತೇವದ ಬೇಸಗೆ ಬಂದಾಗ, ಇಟಲಿಯ ತೋಟಗಳಲ್ಲಿ ನೊಣವು ಮಿತಿಮೀರಿ ಹೆಚ್ಚಿ, ಆ ದೇಶದ ಎಣ್ಣೆಯ ಉತ್ಪತ್ತಿ ಹಿಂದಿನ ವರ್ಷದ ಸುಮಾರು ಅರ್ಧಕ್ಕೆ ಇಳಿಯಿತು. ನೊಣದ ಕೊನೆಯ ಮತ್ತು ಅತಿ ದೊಡ್ಡ ತಲೆಮಾರು ಶರತ್ಕಾಲದ ಮಳೆಯೊಂದಿಗೆ ಬರತಕ್ಕದ್ದಾದ ಕಾರಣ, ಕಾಯಿ ಕಪ್ಪಾಗುವವರೆಗೆ ಕಾಯದೆ ಅಕ್ಟೋಬರಿನಲ್ಲಿಯೇ ಹಸುರಾಗಿರುವಾಗ ಕೊಯ್ದರೆ, ಎಣ್ಣೆಯು ಅಳತೆಯಲ್ಲಿ ಕಡಮೆ ಬಂದರೂ ಹುಳುವಿನ ಬಾಯಿಂದ ಪಾರಾಗುತ್ತದೆ. ಹೀಗೆ ಕೊಯ್ದ ಎಣ್ಣೆಯ ಹಸುರು ಖಾರವೇ ಈಗ ರಸಜ್ಞರಿಗೆ ಹೆಚ್ಚು ಪ್ರಿಯವಾಗಿರುವುದು ಬೆಳೆಗಾರನ ಭಾಗ್ಯ. ಬಾಟಲಿಯಲ್ಲಿ ಬಿದ್ದ ನೊಣಗಳನ್ನು ವಾರಕ್ಕೊಮ್ಮೆ ಎಣಿಸುವುದು, ನೂರು ಕಾಯಿಗಳನ್ನು ಕಿತ್ತು ಸೀಳಿ ನೋಡುವುದು, ಇವನ್ನು ಮಾಡದೆ ಮದ್ದಿನ ಮಾತೆತ್ತುವುದು ಸಲ್ಲದು. ಉಪ್ಪಿನಲ್ಲಿ ಹಾಕಿ ತಿನ್ನುವ ಕಾಯಿಯಾದರೆ ನೂರಕ್ಕೆ ಒಂದು ಚುಚ್ಚಿದ್ದರೂ ಕಷ್ಟ. ಗಾಣಕ್ಕೆ ಹೋಗುವ ಕಾಯಿಯಾದರೆ ನೂರಕ್ಕೆ ಹತ್ತರವರೆಗೆ ತಾಳಿಕೊಳ್ಳಬಹುದು. ಆ ಹತ್ತನ್ನು ನೊಣಕ್ಕೆ ಬಿಟ್ಟುಕೊಡಲು ಒಪ್ಪಿದವನಿಗೆ ಮಾತ್ರ ಈ ಮಂದಮಾರ್ಗಗಳು ತೆರೆಯುತ್ತವೆಂಬುದು ನನ್ನ ದೃಢವಾದ ನಂಬಿಕೆ. ಒಂದನ್ನೂ ಬಿಡೆನೆಂದವನು ಮರಳಿ ವಿಷದ ಅಂಗಡಿಗೇ ಹೋಗಬೇಕಾಗುತ್ತದೆ.

ಬಿಟ್ಟುಕೊಡುವ ಈ ಲೆಕ್ಕಾಚಾರವು ಆಲಿವ್ ಪತಂಗದ ವಿಷಯದಲ್ಲಿ ಇನ್ನೂ ಸ್ಪಷ್ಟವಾಗುತ್ತದೆ. ವರ್ಷಕ್ಕೆ ಮೂರು ತಲೆಮಾರು ಕಾಣುವ ಈ ಪತಂಗದ ಮೊದಲನೆಯ ಸಂತಾನ ಎಲೆಯನ್ನೂ, ಎರಡನೆಯದು ಹೂವನ್ನೂ, ಮೂರನೆಯದು ಕಾಯಿಯ ಓಟೆಯನ್ನೂ ತಿನ್ನುತ್ತದೆ. ಹೂಗೊಂಚಲುಗಳನ್ನು ರೇಷ್ಮೆಯ ನೂಲಿನಿಂದ ಹೆಣೆದು ಮೇಯುವುದನ್ನು ಕಂಡರೆ ಎಂಥವನಿಗೂ ಎದೆ ಝಲ್ಲೆನ್ನುವುದು. ಆದರೆ ಆಲಿವ್ ಮರದಲ್ಲಿ ಅರಳಿದ ನೂರು ಹೂಗಳಲ್ಲಿ ಕಾಯಿಗಟ್ಟುವುದು ಒಂದೆರಡಾದರೂ ಅದು ತುಂಬಿದ ಫಸಲೇ. ಹೂವಿನ ಕಾಲದಲ್ಲಿ ಪತಂಗವು ತಿಂದದ್ದರಲ್ಲಿ ಬಹುಪಾಲು ಮರವೇ ಉದುರಿಸುತ್ತಿದ್ದುದು. ಓಟೆಯನ್ನು ಹೊಕ್ಕ ಹುಳುವು ಸೆಪ್ಟೆಂಬರಿನಲ್ಲಿ ಹೊರಬೀಳುವಾಗ ಕಾಯಿಗಳು ಉದುರುವುದನ್ನು ಸ್ಪೇನಿನವರು ಸಂತ ಮಿಗೆಲನ ಉದುರು ಎನ್ನುತ್ತಾರೆ. ಆ ಸಂತನ ಹಬ್ಬ ಸೆಪ್ಟೆಂಬರ್ 29ರಂದು. ಈ ಪತಂಗದ ಮೊಟ್ಟೆಗಳನ್ನು ತಿಂದು ತೋಟವನ್ನು ಕಾಯುವ ಸೈನಿಕನೆಂದರೆ, ಸಂಜೆಯ ದೀಪಕ್ಕೆ ಬರುವ ಹೊಂಗಣ್ಣಿನ, ಜಾಳಿಗೆಯಂಥ ಹಸುರು ರೆಕ್ಕೆಯ ಪುಟ್ಟ ಕೀಟದ ಮರಿ. ಅದರ ಕೆಲಸ ಸಾಲದ ವರ್ಷಗಳಲ್ಲಿ, ಹುಳುಗಳಿಗೆ ಮಾತ್ರ ರೋಗವನ್ನುಂಟುಮಾಡುವ ಥುರಿಂಜಿಯೆನ್ಸಿಸ್ ಬ್ಯಾಕ್ಟೀರಿಯವನ್ನು ಹೂವಿನ ಕಾಲದಲ್ಲಿ ಸಿಂಪಡಿಸುತ್ತಾರೆ.

ನನ್ನನ್ನು ಬಹುವಾಗಿ ಸೆಳೆದದ್ದು ಒಂದು ಕಳೆಯ ಕಥೆ. ಭೂಮಧ್ಯ ಸಮುದ್ರದ ಸುತ್ತಲೂ ರಸ್ತೆಯಂಚಿನಲ್ಲಿ, ಬೀಳುಬಿಟ್ಟ ಹೊಲಗಳಲ್ಲಿ, ಕರ್ಪೂರದಂಥ ಘಾಟಿನ, ಮುಟ್ಟಿದರೆ ಕೈಗಂಟುವ ಎಲೆಗಳ ಒಂದು ಪೊದೆ ಬೆಳೆಯುತ್ತದೆ. ಶರತ್ಕಾಲದಲ್ಲಿ ಅದು ಹಳದಿಯ ಹೂಗಳಿಂದ ತುಂಬುತ್ತದೆ. ಸಸ್ಯಶಾಸ್ತ್ರಜ್ಞರಿಗೆ ಅದು ಡಿಟ್ರಿಕಿಯ ವಿಸ್ಕೋಸ. ಸ್ಪೇನಿನಲ್ಲಿ ಅದರ ಹೆಸರು ಓಲಿವಾರ್ದ, ಆಲಿವಿನ ಧ್ವನಿಯನ್ನೇ ಹೊತ್ತ ಹೆಸರು. ತೋಟವನ್ನು ಚೊಕ್ಕಟವಾಗಿಡುವವರು ಅದನ್ನು ಬೇರುಸಹಿತ ಕೀಳುತ್ತಿದ್ದರು. ಈ ಪೊದೆಯ ಹೂವಿನಲ್ಲಿ ಒಂದು ಜಾತಿಯ ನೊಣವು ಗಂಟುಗಳನ್ನು ಕಟ್ಟಿ ತನ್ನ ಮರಿಗಳನ್ನು ಬೆಳೆಸುತ್ತದೆ; ಆಲಿವಿಗೂ ಆ ನೊಣಕ್ಕೂ ಯಾವ ಸಂಬಂಧವೂ ಇಲ್ಲ. ಆದರೆ ಆ ಗಂಟಿನೊಳಗಿನ ಮರಿಯನ್ನು ತಿಂದು ಚಳಿಗಾಲವನ್ನು ಕಳೆಯುವ ಯೂಪೆಲ್ಮಸ್ ಎಂಬ ಸಣ್ಣ ಕಣಜವಿದೆಯಲ್ಲ, ಅದೇ ಬೇಸಗೆಯಲ್ಲಿ ಆಲಿವ್ ಕಾಯಿಯನ್ನು ಹೊಕ್ಕ ಹುಳುವಿನ ಮೇಲೆಯೂ ತನ್ನ ಮೊಟ್ಟೆಯನ್ನಿಡುತ್ತದೆ. ಮರದಲ್ಲಿ ಕಾಯಿಯೂ ಇಲ್ಲದೆ ಹುಳುವೂ ಇಲ್ಲದೆ ಬರಿದಾದ ತಿಂಗಳುಗಳಲ್ಲಿ ಕಣಜಕ್ಕೆ ಊಟವಿಕ್ಕಿ ಉಳಿಸುವುದು ಆ ಕಳೆ. ಇದರಿಂದ ಎಷ್ಟರ ಮಟ್ಟಿಗೆ ಪ್ರಯೋಜನವೆಂಬುದರಲ್ಲಿ ವಿದ್ವಾಂಸರ ನಡುವೆ ಒಮ್ಮತವಿಲ್ಲ. ಆದರೂ ಈಗ ಹಲವರು ತೋಟದ ಅಂಚಿನಲ್ಲಿ ಆ ಪೊದೆಯನ್ನು ಉಳಿಸಿಕೊಳ್ಳುತ್ತಿದ್ದಾರೆ.

ಆಲಿವ್ ಮರವನ್ನು ಕಾಡುವ ಕಪ್ಪು ಶಲ್ಕಕೀಟದ ಬಗ್ಗೆ ಕೊಡಗು ಚಿಕ್ಕಮಗಳೂರುಗಳ ಕಾಫಿ ಬೆಳೆಗಾರರಿಗೆ ಹೆಚ್ಚು ಹೇಳಬೇಕಾಗಿಲ್ಲ. ಅವರ ಗಿಡಗಳನ್ನು ಕಾಡುವ ಹಸುರು ಶಲ್ಕಕೀಟದ ಕಥೆಯೇ ಇದು. ಕೊಂಬೆಗೆ ಅಂಟಿಕೊಂಡು ರಸ ಹೀರಿ ಸಿಹಿ ಅಂಟನ್ನು ಒಸರಿಸುತ್ತದೆ, ಅಂಟಿನ ಮೇಲೆ ಮಸಿಯಂಥ ಬೂಷ್ಟು ಬೆಳೆಯುತ್ತದೆ, ಅಂಟಿನಾಸೆಗೆ ಬಂದ ಇರುವೆಗಳು ಅದರ ಶತ್ರುಗಳನ್ನು ಓಡಿಸುತ್ತವೆ. ಕೊಂಬೆಗಳನ್ನು ಸವರಿ ಮರದ ಹೊಟ್ಟೆಗೆ ಗಾಳಿ ಬೆಳಕು ಹೊಗುವಂತೆ ಮಾಡಿದರೆ ಎಳೆಯ ಶಲ್ಕಗಳು ಬಿಸಿಲಿಗೆ ಒಣಗುತ್ತವೆ. ಅದೇ ಅಂಟನ್ನು ನೆಕ್ಕಿ ಬದುಕುವ ಆಲಿವ್ ನೊಣಕ್ಕೂ ಊಟ ತಪ್ಪುತ್ತದೆ.

1998ರಲ್ಲಿ ಈ ನೊಣವು ಕ್ಯಾಲಿಫೋರ್ನಿಯದಲ್ಲಿ ಮೊದಲ ಬಾರಿಗೆ ಕಂಡಾಗ, ಅಲ್ಲಿಯವರು ಅದರ ಶತ್ರುಗಳನ್ನು ಅರಸುತ್ತ ಕಾಡು ಆಲಿವ್ ಬೆಳೆಯುವ ಆಫ್ರಿಕಕ್ಕೆ ಹೋದರು. ಕೀನ್ಯ ಮತ್ತು ದಕ್ಷಿಣ ಆಫ್ರಿಕಗಳಿಂದ ಸಿಟ್ಟಾಲಿಯ ಎಂಬ ಕುಲದ ಕಣಜಗಳನ್ನು ತಂದು ಬಿಟ್ಟರು. ಅದೇ ಕುಲದ ಇನ್ನೊಂದು ಕಣಜ, ಆಲಿವ್ ನೊಣವನ್ನಲ್ಲದೆ ಬೇರೆಯದನ್ನು ಬೇಟೆಯಾಡದ್ದು, ಇಂದಿನ ಪಾಕಿಸ್ತಾನದ ಗುಡ್ಡಗಳಲ್ಲಿದೆ. ಇಟಲಿಯ ಸಿಲ್ವೆಸ್ಟ್ರಿಯು 1916ರಲ್ಲಿ ಅದಕ್ಕೆ ಹೆಸರಿಟ್ಟಾಗ ಆ ಗುಡ್ಡಗಳು ಭಾರತದ ವಾಯವ್ಯ ಗಡಿಯಾಗಿದ್ದವು. ಈ ಕಣಜಗಳ ಬಾಲದ ಮೊಟ್ಟೆಸೂಜಿ ಗಿಡ್ಡ. ಕಾಡು ಆಲಿವಿನ ತೆಳು ತಿರುಳಿನಲ್ಲಿ ಹುಳುವನ್ನು ಮುಟ್ಟಬಲ್ಲುದಾದರೂ, ಮನುಷ್ಯನು ದಪ್ಪಗಾಗಿ ಬೆಳೆಸಿದ ತೋಟದ ಕಾಯಿಯಲ್ಲಿ ಆಳಕ್ಕೆ ಹೋದ ಹುಳುವನ್ನು ಅದು ಎಟಕಿಸಿಕೊಳ್ಳಲಾರದು. ಕಾಯನ್ನು ಹಿಗ್ಗಿಸಿದ ನಮ್ಮ ಆಸೆಯೇ ನೊಣಕ್ಕೆ ಕೋಟೆಯಾಯಿತೆಂಬ ಈ ಸಂಗತಿಯನ್ನು ಓದಿದಂದಿನಿಂದ ಅದು ನನ್ನ ಮನಸ್ಸನ್ನು ಬಿಟ್ಟಿಲ್ಲ.

ಚಳಿಗಾಲಕ್ಕೆ ನೊಣದ ಹುಳು ಕಾಯಿಯನ್ನು ಬಿಟ್ಟು ಮರದಡಿಯ ಮಣ್ಣಿನಲ್ಲಿ ಒಂದೆರಡು ಅಂಗುಲ ಇಳಿದು ಕೋಶವಾಗುತ್ತದೆ. ಆಗ ಕೊಯ್ಲು ಮುಗಿದಿರುತ್ತದೆ. ಕೊಂಬೆಯಲ್ಲಿ ಉಳಿದ ಕಾಯಿಗಳನ್ನು ಮುಂದಿನ ವಸಂತದ ನೊಣಕ್ಕೆ ತವರಾಗದಂತೆ ಬಡಿದು ಉದುರಿಸಿ ತೆಗೆಯುತ್ತಾರೆ, ಉಳಿದದ್ದನ್ನು ಉತ್ತರದಿಂದ ಬಂದ ಹಕ್ಕಿಗಳು ತಿನ್ನುತ್ತವೆ. ಕೋಳಿಗಳನ್ನು ತೋಟಕ್ಕೆ ಬಿಟ್ಟವರ ಮನೆಯಲ್ಲಿ ಅವು ಬೆಳಗಿನಿಂದ ಸಂಜೆಯವರೆಗೆ ಮರದ ಬುಡವನ್ನು ಕೆದಕಿ ಕೆದಕಿ ಕೋಶಗಳನ್ನು ಹೆಕ್ಕುತ್ತವೆ. ಮನೆಯವರು ಏಣಿಯಿಟ್ಟು ಬಾಟಲಿಗಳನ್ನು ಒಂದೊಂದಾಗಿ ಇಳಿಸಿ, ಒಳಗಿನ ಕಪ್ಪು ನೀರನ್ನು ಚೆಲ್ಲಿ, ತೊಳೆದು, ತೂತುಗಳಲ್ಲಿ ಸಿಕ್ಕ ರೆಕ್ಕೆಗಳನ್ನು ಕಡ್ಡಿಯಿಂದ ಬಿಡಿಸಿ, ಮುಂದಿನ ಜೂನಿಗೆಂದು ಕೊಟ್ಟಿಗೆಯ ಮೂಲೆಯಲ್ಲಿ ಒತ್ತಾಗಿ ಇಡುತ್ತಾರೆ.